ಸ್ಫಟಿಕ ರಚನೆ ಕೈಯಲ್ಲಿದೆ, ಔಷಧದ ಘನರೂಪವನ್ನು ಆರಿಸುವುದು ಹೇಗೆ?

ಔಷಧದ ಘನರೂಪವನ್ನು ಆರಿಸುವ ಕೆಲಸಕ್ಕೆ ಹೊಸದಾಗಿ ಬಂದವರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇರುತ್ತದೆ: "ಹರಳಿನ ರಚನೆಯನ್ನು ಬಿಡಿಸಿ ಕೊಟ್ಟಿದ್ದಾರೆ, ಸಿಐಎಫ್ ಕಡತ ನನ್ನ ಬಳಿ ಇದೆ. ಅದನ್ನು ನೋಡಿ ಯಾವ ರೂಪವನ್ನು ಆರಿಸಬೇಕೆಂದು ಹೇಳುವುದು ಹೇಗೆ?" ಕಡತವೊಂದನ್ನೇ ನೋಡಿ ಹಾಗೆ ಹೇಳಲಾಗುವುದಿಲ್ಲ. ಆದರೆ ಯಾವ ಪ್ರಯೋಗವನ್ನು ಮೊದಲು ಮಾಡಬೇಕು, ಯಾವ ರೂಪದ ಬಗ್ಗೆ ಅನುಮಾನ ಇಟ್ಟುಕೊಳ್ಳಬೇಕು, ಹುಡುಕಾಟವನ್ನು ಎಲ್ಲಿಯವರೆಗೆ ಮುಂದುವರಿಸಬೇಕು ಎಂಬುದನ್ನು ರಚನೆ ಬಹಳ ಚೆನ್ನಾಗಿ ತಿಳಿಸುತ್ತದೆ. ಅದನ್ನು ಓದಿಕೊಳ್ಳುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲು ಕೆಲವು ಪದಗಳು. ಒಂದೇ ಅಣು ಬೇರೆ ಬೇರೆ ಬಗೆಯಲ್ಲಿ ಜೋಡಣೆಗೊಂಡು ಹರಳಾಗುವುದನ್ನು ಬಹುರೂಪತೆ ಎನ್ನುತ್ತೇವೆ; ಹಾಗೆ ಸಿಗುವ ಒಂದೊಂದು ಜೋಡಣೆಯೂ ಒಂದು ಬಹುರೂಪ, ಅಂದರೆ ಪಾಲಿಮಾರ್ಫ್. ಔಷಧದ ಅಣುವಿನಿಂದ ಜೊತೆಗಾರ ಅಣುವಿಗೆ, ಅಥವಾ ಅದರಿಂದ ಔಷಧಕ್ಕೆ, ಪ್ರೋಟಾನ್ ದಾಟಿ ಎರಡೂ ಅಯಾನುಗಳಾಗಿದ್ದರೆ ಅದು ಲವಣ. ಪ್ರೋಟಾನ್ ದಾಟದೆ ಎರಡು ತಟಸ್ಥ ಅಣುಗಳು ಒಂದೇ ಹರಳಿನಲ್ಲಿ ಕೂತಿದ್ದರೆ ಅದು ಸಹಸ್ಫಟಿಕ, ಅಂದರೆ ಕೋಕ್ರಿಸ್ಟಲ್. ಹರಳಿನೊಳಗೆ ನೀರು ಸೇರಿಕೊಂಡಿದ್ದರೆ ಹೈಡ್ರೇಟ್, ಬೇರೆ ದ್ರಾವಕ ಸೇರಿಕೊಂಡಿದ್ದರೆ ಸಾಲ್ವೇಟ್. ಹರಳಿನಲ್ಲಿ ಮತ್ತೆ ಮತ್ತೆ ಮರುಕಳಿಸುವ ಚಿಕ್ಕ ಪೆಟ್ಟಿಗೆಗೆ ಯೂನಿಟ್ ಸೆಲ್ ಎಂದು ಹೆಸರು. ಸಿಐಎಫ್ ಎಂಬುದು ಈ ಪೆಟ್ಟಿಗೆಯ ಅಳತೆ, ಅದರೊಳಗಿನ ಪರಮಾಣುಗಳ ಸ್ಥಾನ ಮತ್ತು ಪ್ರಯೋಗ ನಡೆದ ಪರಿಸ್ಥಿತಿಗಳನ್ನು ಬರೆದಿಟ್ಟ ಸರಳ ಪಠ್ಯ ಕಡತ.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ: ನಿಮ್ಮ ಬಳಿಯಿರುವ ಎಲ್ಲ ರೂಪಗಳ ಸಿಐಎಫ್ ಕಡತಗಳು, ಅದೇ ರೂಪಗಳ ಪುಡಿಯ ಎಕ್ಸ್-ರೇ ವಿವರ್ತನೆಯ ನಕ್ಷೆಗಳು, ಡಿಎಸ್‌ಸಿ ಮತ್ತು ಟಿಜಿಎ ಫಲಿತಾಂಶಗಳು, ಮತ್ತು ರಚನೆಯನ್ನು ತೆರೆದು ನೋಡಲು ಮರ್ಕ್ಯುರಿಯಂಥ ಒಂದು ತಂತ್ರಾಂಶ. ಡಿಎಸ್‌ಸಿ ಬಿಸಿ ಮಾಡುವಾಗ ವಸ್ತು ಹೀರುವ ಅಥವಾ ಬಿಡುವ ಶಾಖವನ್ನು ಅಳೆಯುತ್ತದೆ. ಟಿಜಿಎ ಕಳೆದುಹೋಗುವ ತೂಕವನ್ನು ಅಳೆಯುತ್ತದೆ. ಇವುಗಳ ಜೊತೆಗೆ ಕೇಂಬ್ರಿಡ್ಜ್ ರಚನಾ ದತ್ತಸಂಚಯವನ್ನು ಬಳಸಲು ಸಾಧ್ಯವಾದರೆ ಕೆಲಸ ಬಹಳ ಹಗುರವಾಗುತ್ತದೆ. 1965ರಲ್ಲಿ ಆರಂಭವಾದ ಈ ಸಂಗ್ರಹ 2019ರಲ್ಲಿ ಹತ್ತು ಲಕ್ಷ ರಚನೆಗಳನ್ನು ದಾಟಿತು. ನಿಮ್ಮ ಅಣುವಿನಲ್ಲಿ ಕಾಣುವ ಕೋನ ಅಥವಾ ಬಂಧ ಸಾಮಾನ್ಯವೋ ಅಪರೂಪವೋ ಎಂಬುದನ್ನು ಇಷ್ಟೊಂದು ಉದಾಹರಣೆಗಳ ಎದುರು ಇಟ್ಟು ನೋಡಬಹುದು.

1. ಕಡತವನ್ನು ನಂಬುವ ಮೊದಲು ಓದಿ

ಚಿತ್ರ ತೆರೆದ ಕೂಡಲೇ ಅಣುಗಳ ಜೋಡಣೆಯನ್ನು ತಿರುಗಿಸಿ ನೋಡುತ್ತ ಕೂರುವುದು ಎಲ್ಲರಿಗೂ ಇರುವ ಚಪಲ. ಅದಕ್ಕೂ ಮೊದಲು ಕಡತದ ಪಠ್ಯವನ್ನೇ ತೆರೆದು ನಾಲ್ಕು ಸಂಗತಿಗಳನ್ನು ಗುರುತು ಹಾಕಿಕೊಳ್ಳಿ.

ಮೊದಲನೆಯದು ಅಳತೆಯ ತಾಪಮಾನ. ಈಗ ಬಹುಪಾಲು ಅಳತೆಗಳು 100 ಕೆಲ್ವಿನ್ ಆಸುಪಾಸಿನಲ್ಲಿ ನಡೆಯುತ್ತವೆ, ಏಕೆಂದರೆ ಚಳಿಯಲ್ಲಿ ಪರಮಾಣುಗಳ ಕಂಪನ ತಗ್ಗಿ ಚಿತ್ರ ಸ್ಪಷ್ಟವಾಗುತ್ತದೆ. ಆದರೆ ನಿಮ್ಮ ಪುಡಿ ಇರುವುದು ಕೊಠಡಿಯ ತಾಪಮಾನದಲ್ಲಿ. ಈ ವ್ಯತ್ಯಾಸ ಮುಂದೆ ಎರಡು ಹಂತಗಳಲ್ಲಿ ತೊಂದರೆ ಕೊಡುತ್ತದೆ, ಆದ್ದರಿಂದ ಈಗಲೇ ಬರೆದಿಟ್ಟುಕೊಳ್ಳಿ.

ಎರಡನೆಯದು ಆರ್-ಮೌಲ್ಯ, ಅಂದರೆ ಬಿಡಿಸಿದ ಮಾದರಿಗೂ ಅಳೆದ ದತ್ತಾಂಶಕ್ಕೂ ಇರುವ ಅಂತರದ ಸೂಚಕ. ಚಿಕ್ಕ ಸಾವಯವ ಅಣುಗಳಲ್ಲಿ ಇದು ಶೇ. 5ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಶೇ. 10 ದಾಟಿದ್ದರೆ ಒಟ್ಟು ಜೋಡಣೆಯನ್ನು ನಂಬಬಹುದು, ಆದರೆ ಬಂಧದ ಉದ್ದದಂಥ ಸೂಕ್ಷ್ಮ ಸಂಖ್ಯೆಗಳ ಮೇಲೆ ತೀರ್ಮಾನ ಕಟ್ಟಬೇಡಿ.

ಮೂರನೆಯದು ಅವ್ಯವಸ್ಥೆ. ಅಣುವಿನ ಒಂದು ಭಾಗ ಎರಡು ಸ್ಥಾನಗಳಲ್ಲಿ ಹಂಚಿಕೊಂಡಿದ್ದರೆ ಕಡತದಲ್ಲಿ ಆ ಪರಮಾಣುಗಳ ಪಾಲು ಒಂದಕ್ಕಿಂತ ಕಡಿಮೆ ಎಂದು ನಮೂದಾಗಿರುತ್ತದೆ. ಎರಡೂ ಸ್ಥಾನಗಳನ್ನು ಒಟ್ಟಿಗೆ ತೋರಿಸುವ ಚಿತ್ರವನ್ನು ನೋಡಿ ಅಣುವಿನಲ್ಲಿ ಹೆಚ್ಚುವರಿ ಗುಂಪು ಇದೆ ಎಂದು ವರದಿ ಬರೆದವರನ್ನು ನಾನು ಕಂಡಿದ್ದೇನೆ.

ನಾಲ್ಕನೆಯದು ಹೆಚ್ಚು ಅಪಾಯಕಾರಿ, ಆದರೆ ಹೆಚ್ಚಿನವರು ನೋಡದೆ ಬಿಡುವುದು ಇದನ್ನೇ. ಹರಳಿನೊಳಗಿನ ದ್ರಾವಕ ಗಜಿಬಿಜಿಯಾಗಿದ್ದು ಅದರ ಪರಮಾಣುಗಳನ್ನು ಗುರುತಿಸಲಾಗದಿದ್ದಾಗ, ಆ ಜಾಗದ ಎಲೆಕ್ಟ್ರಾನ್ ಸಾಂದ್ರತೆಯನ್ನು ಲೆಕ್ಕದಿಂದಲೇ ತೆಗೆದುಹಾಕುವ ವಿಧಾನವಿದೆ. ಅದಕ್ಕೆ ಸ್ಕ್ವೀಝ್ (SQUEEZE) ಎಂಬ ಹೆಸರು ಬಳಕೆಯಲ್ಲಿದೆ. ವಿಧಾನದಲ್ಲಿ ತಪ್ಪೇನಿಲ್ಲ. ಆದರೆ ಹೀಗೆ ಒರೆಸಿದ ರಚನೆಯನ್ನು ಚಿತ್ರದಲ್ಲಿ ನೋಡಿದರೆ ದ್ರಾವಕವೇ ಇಲ್ಲದ ಶುದ್ಧ ರೂಪದಂತೆ ಕಾಣುತ್ತದೆ. ಕಡತದ ಟಿಪ್ಪಣಿಗಳಲ್ಲಿ ಈ ಪದವನ್ನು ಹುಡುಕಿ. ಜೊತೆಗೆ ರಚನೆಯಲ್ಲಿ ದೊಡ್ಡ ಖಾಲಿ ಜಾಗವಿದೆಯೇ ಎಂದು ತಂತ್ರಾಂಶದಲ್ಲಿ ಪರೀಕ್ಷಿಸಿ. ಸಾವಯವ ಅಣುಗಳು ಹರಳಿನಲ್ಲಿ ಜಾಗವನ್ನು ಸುಮ್ಮನೆ ಖಾಲಿ ಬಿಡುವುದು ಅಪರೂಪ. ಸಾಮಾನ್ಯವಾಗಿ ಒಟ್ಟು ಘನಗಾತ್ರದ ಶೇ. 65ರಿಂದ 77ರಷ್ಟನ್ನು ಅಣುಗಳೇ ತುಂಬಿರುತ್ತವೆ.

ಕೈಲೆಕ್ಕದ ಒಂದು ಪರೀಕ್ಷೆಯೂ ಇದೆ. ಹೈಡ್ರೋಜನ್ ಬಿಟ್ಟು ಉಳಿದ ಪ್ರತಿ ಪರಮಾಣುವಿಗೆ ಸುಮಾರು 18 ಘನ ಆಂಗ್‌ಸ್ಟ್ರಾಂ ಜಾಗ ಎಂದು ಲೆಕ್ಕ ಹಾಕಿ. ಪ್ಯಾರಾಸಿಟಮಾಲ್‌ನಲ್ಲಿ ಅಂಥ 11 ಪರಮಾಣುಗಳಿವೆ, ಆದ್ದರಿಂದ ಅಣುವೊಂದಕ್ಕೆ 198. ಒಂದನೇ ರೂಪದ ಯೂನಿಟ್ ಸೆಲ್‌ನಲ್ಲಿ ನಾಲ್ಕು ಅಣುಗಳಿರುವುದರಿಂದ 792. ನಿಜವಾದ ಘನಗಾತ್ರ ಸುಮಾರು 770. ಇಷ್ಟು ಹತ್ತಿರವಿದ್ದರೆ ಸಾಕು. ನಿಮ್ಮ ಲೆಕ್ಕಕ್ಕಿಂತ ಪೆಟ್ಟಿಗೆ ಎದ್ದು ಕಾಣುವಷ್ಟು ದೊಡ್ಡದಿದ್ದರೆ ಯಾರೋ ಒಬ್ಬ ಅತಿಥಿ ಅಣುವಿನ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿದೆ ಎಂದೇ ಮೊದಲು ಅನುಮಾನಿಸಿ.

2. ಹರಳೂ ಪುಡಿಯೂ ಒಂದೇ ರೂಪವೆಂದು ಖಚಿತಪಡಿಸಿಕೊಳ್ಳಿ

ರಚನೆ ಬಿಡಿಸುವವರು ಸೂಕ್ಷ್ಮದರ್ಶಕದ ಕೆಳಗೆ ಚೆನ್ನಾಗಿ ಬೆಳೆದ ಒಂದೇ ಒಂದು ಹರಳನ್ನು ಆರಿಸಿಕೊಳ್ಳುತ್ತಾರೆ. ಚೆನ್ನಾಗಿ ಬೆಳೆಯಿತು ಎಂಬ ಕಾರಣಕ್ಕೇ ಅದು ಆಯ್ಕೆಯಾಗಿದೆ. ಉಳಿದ ಪುಡಿಯನ್ನು ಅದು ಪ್ರತಿನಿಧಿಸಬೇಕೆಂದೇನೂ ಇಲ್ಲ. ಆದ್ದರಿಂದ ಸಿಐಎಫ್‌ನಿಂದ ಪುಡಿಯ ವಿವರ್ತನೆಯ ನಕ್ಷೆಯನ್ನು ಲೆಕ್ಕ ಹಾಕಿಸಿ, ನಿಮ್ಮ ಪ್ರಯೋಗದ ನಕ್ಷೆಯ ಮೇಲೆ ಇಟ್ಟು ಹೋಲಿಸಿ. ತರಂಗಾಂತರ ಎರಡರಲ್ಲೂ ಒಂದೇ ಇರಲಿ; ತಾಮ್ರದ ಮೂಲ ಬಳಸುವ ಉಪಕರಣಗಳಲ್ಲಿ ಅದು 1.5406 ಆಂಗ್‌ಸ್ಟ್ರಾಂ.

ಮೊದಲ ಹಂತದಲ್ಲಿ ಬರೆದಿಟ್ಟ ತಾಪಮಾನ ಇಲ್ಲಿ ಬೇಕಾಗುತ್ತದೆ. ಕೊಠಡಿಯ ತಾಪಮಾನದಿಂದ 100 ಕೆಲ್ವಿನ್‌ಗೆ ಇಳಿಸಿದಾಗ ಸಾವಯವ ಹರಳಿನ ಘನಗಾತ್ರ ಸಾಮಾನ್ಯವಾಗಿ ಶೇ. 2–3ರಷ್ಟು ಕುಗ್ಗುತ್ತದೆ, ಅದೂ ಎಲ್ಲ ದಿಕ್ಕುಗಳಲ್ಲಿ ಸಮನಾಗಿ ಅಲ್ಲ. ಒಂದು ದಿಕ್ಕಿನಲ್ಲಿ ಶೇ. 1ರಷ್ಟು ಕುಗ್ಗಿದರೂ, ಟು-ಥೀಟಾ ಅಳತೆಯಲ್ಲಿ, ಅಂದರೆ ನಕ್ಷೆಯ ಅಡ್ಡಸಾಲಿನಲ್ಲಿರುವ ವಿವರ್ತನೆಯ ಕೋನದಲ್ಲಿ, 20 ಡಿಗ್ರಿಯ ಬಳಿಯಿರುವ ಶಿಖರ 0.2 ಡಿಗ್ರಿಯಷ್ಟು ಮುಂದಕ್ಕೆ ಸರಿಯುತ್ತದೆ. ಎರಡು ನಕ್ಷೆಗಳು ಒಂದೇ ರೂಪದವೆನ್ನಲು ಒಪ್ಪಿಕೊಳ್ಳುವ ರೂಢಿಯ ಮಿತಿಯೂ 0.2 ಡಿಗ್ರಿಯೇ. ಹೀಗಾಗಿ ಒಂದೇ ರೂಪವನ್ನು ಎರಡೆಂದು ತಪ್ಪು ತಿಳಿಯುವುದು ಬಹಳ ಸುಲಭ. ನಾನೇ ಒಮ್ಮೆ ಹೀಗೆ "ಹೊಸ ರೂಪ" ಕಂಡುಹಿಡಿದು, ಎರಡು ವಾರ ಅದರ ಹಿಂದೆ ಅಲೆದು, ಕೊನೆಗೆ ಅದು ಚಳಿಯಲ್ಲಿ ಅಳೆದ ಹಳೆಯ ರೂಪವೇ ಎಂದು ಒಪ್ಪಿಕೊಂಡಿದ್ದೇನೆ. ಸಾಧ್ಯವಿದ್ದರೆ ಅದೇ ಹರಳಿನ ಯೂನಿಟ್ ಸೆಲ್ ಅಳತೆಯನ್ನು ಕೊಠಡಿಯ ತಾಪಮಾನದಲ್ಲೂ ತೆಗೆಸಿಕೊಳ್ಳಿ. ಅದಕ್ಕೆ ಪೂರ್ಣ ದತ್ತಾಂಶ ಬೇಕಿಲ್ಲ, ಹೆಚ್ಚು ಸಮಯವೂ ಹಿಡಿಯುವುದಿಲ್ಲ. ಹಾಗೆ ಮಾಡಲಾಗದಿದ್ದರೆ ಪುಡಿಯ ನಕ್ಷೆಗೆ ಯೂನಿಟ್ ಸೆಲ್ ಅನ್ನು ಹೊಂದಿಸುವ ಪಾಲಿ ಅಥವಾ ರೀಟ್‌ವೆಲ್ಡ್ ವಿಧಾನವನ್ನು ಬಳಸಿ.

ಶಿಖರಗಳ ಸ್ಥಾನ ಹೊಂದಿಕೊಂಡು ಎತ್ತರ ಮಾತ್ರ ಹೊಂದಿಕೊಳ್ಳದಿದ್ದರೆ ಗಾಬರಿ ಬೇಡ. ಸೂಜಿಯಂಥ ಅಥವಾ ಹಾಳೆಯಂಥ ಹರಳುಗಳು ಮಾದರಿ ತಟ್ಟೆಯ ಮೇಲೆ ಒಂದೇ ದಿಕ್ಕಿಗೆ ಮಲಗಿಬಿಡುತ್ತವೆ, ಆಗ ಕೆಲವು ಶಿಖರಗಳು ಅತಿಯಾಗಿ ಏಳುತ್ತವೆ. ನಯವಾಗಿ ಅರೆದು, ಮಾದರಿಯನ್ನು ತಿರುಗಿಸುತ್ತ ಮತ್ತೊಮ್ಮೆ ಅಳೆಯಿರಿ. ಅರೆಯುವಾಗಲೇ ರೂಪ ಬದಲಾಗಬಹುದೆಂಬ ಎಚ್ಚರವೂ ಇರಲಿ. ಲೆಕ್ಕದ ನಕ್ಷೆಯಲ್ಲಿ ಇಲ್ಲದ ಶಿಖರ ಪ್ರಯೋಗದ ನಕ್ಷೆಯಲ್ಲಿ ಇದ್ದರೆ ಮಾತ್ರ ಅದು ಬೇರೆ ವಿಷಯ. ಪುಡಿಯಲ್ಲಿ ಇನ್ನೊಂದು ರೂಪ ಬೆರೆತಿದೆ, ಇಲ್ಲವೇ ಆರಂಭಿಕ ವಸ್ತು ಉಳಿದಿದೆ. ಇದು ಬಗೆಹರಿಯುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ, ಏಕೆಂದರೆ ಒಂದು ರೂಪದ ರಚನೆಯನ್ನೂ ಇನ್ನೊಂದು ರೂಪದ ಕರಗುವಿಕೆಯ ಸಂಖ್ಯೆಯನ್ನೂ ಜೋಡಿಸಿದರೆ ಆಮೇಲಿನ ತರ್ಕವೆಲ್ಲ ವ್ಯರ್ಥವಾಗುತ್ತದೆ.

3. ಲವಣವೋ ಸಹಸ್ಫಟಿಕವೋ ಎಂದು ಬಂಧದ ಉದ್ದದಿಂದ ತಿಳಿಯಿರಿ

ಪಿಕೆಎ ಎಂದರೆ ಒಂದು ಗುಂಪು ಪ್ರೋಟಾನ್ ಅನ್ನು ಎಷ್ಟು ಸುಲಭವಾಗಿ ಬಿಟ್ಟುಕೊಡುತ್ತದೆ ಎಂಬುದರ ಅಳತೆ. ಪ್ರತ್ಯಾಮ್ಲದ (ಪ್ರೋಟಾನ್ ಪಡೆದ ರೂಪದ) ಪಿಕೆಎಯಿಂದ ಆಮ್ಲದ ಪಿಕೆಎ ಕಳೆದಾಗ ಸಿಗುವ ವ್ಯತ್ಯಾಸ ಮೂರಕ್ಕಿಂತ ಹೆಚ್ಚಿದ್ದರೆ ಲವಣ, ಸೊನ್ನೆಗಿಂತ ಕಡಿಮೆಯಿದ್ದರೆ ಸಹಸ್ಫಟಿಕ ಎಂಬುದು ಎಲ್ಲರಿಗೂ ಗೊತ್ತಿರುವ ಸೂತ್ರ. ತೊಡಕಿರುವುದು ನಡುವಿನ ಪ್ರದೇಶದಲ್ಲಿ. ಅಲ್ಲಿ ನೀರಿನಲ್ಲಿ ಅಳೆದ ಪಿಕೆಎ ಏನನ್ನೂ ಖಚಿತವಾಗಿ ಹೇಳುವುದಿಲ್ಲ, ರಚನೆಯನ್ನೇ ಕೇಳಬೇಕು. ಆದರೆ ರಚನೆಯಲ್ಲಿ ಹೈಡ್ರೋಜನ್ ಯಾವ ಕಡೆ ಬರೆದಿದೆ ಎಂದಷ್ಟೇ ನೋಡಿ ತೀರ್ಮಾನಿಸಬೇಡಿ. ಎಕ್ಸ್-ರೇಗೆ ಕಾಣುವುದು ಎಲೆಕ್ಟ್ರಾನ್‌ಗಳು. ಹೈಡ್ರೋಜನ್‌ನ ಬಳಿ ಇರುವುದು ಒಂದೇ ಎಲೆಕ್ಟ್ರಾನ್, ಅದೂ ಬಂಧದ ಕಡೆಗೆ ವಾಲಿರುತ್ತದೆ. ಅನೇಕ ಕಡತಗಳಲ್ಲಿ ಹೈಡ್ರೋಜನ್ ಅನ್ನು ತಂತ್ರಾಂಶವೇ ರೂಢಿಯ ಸ್ಥಾನದಲ್ಲಿ ಕೂರಿಸಿರುತ್ತದೆ, ಅಂದರೆ ಅದು ಅಳತೆಯಲ್ಲ, ಊಹೆ.

ನೋಡಬೇಕಾದದ್ದು ಭಾರವಾದ ಪರಮಾಣುಗಳ ನಡುವಿನ ಅಂತರ. ಕಾರ್ಬಾಕ್ಸಿಲಿಕ್ ಆಮ್ಲವನ್ನು ತೆಗೆದುಕೊಳ್ಳಿ. ಪ್ರೋಟಾನ್ ತನ್ನಲ್ಲೇ ಇದ್ದರೆ ಅದರ ಒಂದು ಕಾರ್ಬನ್-ಆಕ್ಸಿಜನ್ ಬಂಧ ಚಿಕ್ಕದು, ಸುಮಾರು 1.21 ಆಂಗ್‌ಸ್ಟ್ರಾಂ, ಇನ್ನೊಂದು ಉದ್ದ, ಸುಮಾರು 1.31. ಪ್ರೋಟಾನ್ ಬಿಟ್ಟುಕೊಟ್ಟ ಮೇಲೆ ಎರಡೂ ಆಕ್ಸಿಜನ್‌ಗಳು ಸಮಾನವಾಗುವುದರಿಂದ ಎರಡು ಬಂಧಗಳೂ 1.25ರ ಸುತ್ತ ಬಂದು ನಿಲ್ಲುತ್ತವೆ. ಎರಡರ ನಡುವಿನ ವ್ಯತ್ಯಾಸ 0.08ಕ್ಕಿಂತ ಹೆಚ್ಚಿದ್ದರೆ ತಟಸ್ಥ ಆಮ್ಲ, 0.03ಕ್ಕಿಂತ ಕಡಿಮೆಯಿದ್ದರೆ ಅಯಾನು ಎಂದು ಓದಬಹುದು. ಎದುರಿನ ಅಣುವಿನಲ್ಲಿ ಪಿರಿಡಿನ್ ಉಂಗುರವಿದ್ದರೆ ಅದರ ಸಾಕ್ಷ್ಯವನ್ನೂ ಕೇಳಿ: ನೈಟ್ರೋಜನ್ ಬಳಿಯ ಕಾರ್ಬನ್-ನೈಟ್ರೋಜನ್-ಕಾರ್ಬನ್ ಕೋನ ತಟಸ್ಥ ಸ್ಥಿತಿಯಲ್ಲಿ ಸುಮಾರು 117 ಡಿಗ್ರಿ, ಪ್ರೋಟಾನ್ ಬಂದು ಸೇರಿದರೆ ಸುಮಾರು 122. ಎರಡೂ ಕಡೆಯ ಮಾತು ತಾಳೆಯಾದರೆ ನಿಶ್ಚಿಂತೆಯಿಂದ ಬರೆಯಿರಿ. ತಾಳೆಯಾಗದಿದ್ದರೆ ಪ್ರೋಟಾನ್ ಎರಡು ಸ್ಥಾನಗಳಲ್ಲಿ ಹಂಚಿಕೊಂಡಿರಬಹುದು. ಆಗ ಘನಸ್ಥಿತಿಯ ಎನ್‌ಎಂಆರ್, ಅಂದರೆ ಪರಮಾಣು ಬೀಜಗಳ ಕಾಂತೀಯ ಅನುರಣನವನ್ನು ಅಳೆಯುವ ಪ್ರಯೋಗದ, ನೆರವು ಪಡೆಯಿರಿ.

ಈ ಗುರುತು ಹೆಸರಿಗಷ್ಟೇ ಸಂಬಂಧಿಸಿದ್ದಲ್ಲ. ಲವಣ ಮತ್ತು ಸಹಸ್ಫಟಿಕಗಳನ್ನು ನಿಯಂತ್ರಕರು ಬೇರೆ ಬೇರೆಯಾಗಿ ನೋಡುತ್ತಾರೆ. ಅಲ್ಲದೆ ನೀರಿನಲ್ಲಿ ಮತ್ತೆ ಹಳೆಯ ರೂಪಕ್ಕೆ ಬೇರ್ಪಡುವ ಅಪಾಯವನ್ನು ಎರಡರಲ್ಲೂ ಬೇರೆ ಬೇರೆ ಬಗೆಯಲ್ಲಿ ಪರೀಕ್ಷಿಸಬೇಕಾಗುತ್ತದೆ.

4. ನೀರು ಎಲ್ಲಿ ಕೂತಿದೆ ಎಂದು ಹುಡುಕಿ

ಹೈಡ್ರೇಟ್ ಎಂದ ಕೂಡಲೇ ಅದನ್ನು ಬದಿಗಿಡುವ ಅಭ್ಯಾಸ ಕೆಲವರಿಗಿದೆ. ಅದು ಸರಿಯಲ್ಲ. ನೀರು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ, ಏನನ್ನು ಹಿಡಿದುಕೊಂಡಿದೆ ಎಂಬುದೇ ಅದರ ನಡತೆಯನ್ನು ನಿರ್ಧರಿಸುತ್ತದೆ.

ರಚನೆಯಲ್ಲಿ ಔಷಧದ ಅಣುಗಳನ್ನು ಮಾತ್ರ ಉಳಿಸಿ ನೀರನ್ನು ಅಳಿಸಿ, ಉಳಿದ ಖಾಲಿ ಜಾಗವನ್ನು ತಂತ್ರಾಂಶದಲ್ಲಿ ಬಣ್ಣ ತುಂಬಿಸಿ ನೋಡಿ. ಒಂದಕ್ಕೊಂದು ಸೇರದ ಬಿಡಿ ಗೂಡುಗಳು ಕಂಡರೆ ನೀರಿಗೆ ಹೊರಗೆ ಹೋಗಲು ಸುಲಭದ ದಾರಿಯಿಲ್ಲ. ಅಂಥ ಹೈಡ್ರೇಟ್ ಒಂದು ತಾಪಮಾನದವರೆಗೆ ಗಟ್ಟಿಯಾಗಿ ನಿಂತು, ಆಮೇಲೆ ಒಮ್ಮೆಲೇ ನೀರು ಬಿಡುತ್ತದೆ. ಉದ್ದಕ್ಕೂ ಹರಿದ ಕೊಳವೆಯಂಥ ದಾರಿ ಕಂಡರೆ ನೀರು ಸುತ್ತಲಿನ ತೇವಕ್ಕೆ ತಕ್ಕಂತೆ ಬಂದುಹೋಗುತ್ತದೆ. ಕೆಫೀನ್‌ನ ಹೈಡ್ರೇಟ್ ಈ ಎರಡನೆಯ ಜಾತಿಗೆ ಸೇರಿದ್ದು. ಅದರಲ್ಲಿ ಒಂದು ಅಣುವಿಗೆ ಪೂರ್ತಿ ಒಂದು ನೀರಿನ ಬದಲು ಸುಮಾರು 0.8 ನೀರು ಇರುತ್ತದೆ. ತೂಕ ಮಾಡುವ ಕೊಠಡಿಯ ತೇವಾಂಶ ಬದಲಾದರೆ ಇಂಥ ವಸ್ತುವಿನ ತೂಕವೂ ಬದಲಾಗಬಹುದು, ಮಾತ್ರೆಗೆ ಹಾಕುವ ಪ್ರಮಾಣದ ಲೆಕ್ಕ ತಪ್ಪಬಹುದು. ಇದನ್ನು ಡಿವಿಎಸ್ ಉಪಕರಣದಲ್ಲಿ, ಅಂದರೆ ತೇವಾಂಶವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸಿ ತೂಕ ನೋಡುವ ಪ್ರಯೋಗದಲ್ಲಿ, ಖಚಿತಪಡಿಸಿಕೊಳ್ಳಿ.

ರಚನೆ ಹೇಳುವ ನೀರಿನ ಪ್ರಮಾಣವನ್ನು ಟಿಜಿಎ ಜೊತೆ ತಾಳೆ ನೋಡುವುದನ್ನು ಮರೆಯಬೇಡಿ. ಕಾರ್ಬಮಝೆಪೀನ್ ಡೈಹೈಡ್ರೇಟ್‌ನಲ್ಲಿ ಎರಡು ನೀರಿನ ತೂಕ ಒಟ್ಟಿನ ಶೇ. 13.2. ಟಿಜಿಎಯಲ್ಲಿ ಶೇ. 11 ಮಾತ್ರ ಇಳಿದರೆ ಪುಡಿಯಲ್ಲಿ ನೀರಿಲ್ಲದ ರೂಪ ಬೆರೆತಿದೆ, ಇಲ್ಲವೇ ಮಾದರಿಯನ್ನು ಒಣಗಿಸುವಾಗಲೇ ಸ್ವಲ್ಪ ನೀರು ಹೋಗಿದೆ. ಇದೇ ಔಷಧದ ನೀರಿಲ್ಲದ ರೂಪ ನೀರಿನ ಸಂಪರ್ಕದಲ್ಲಿ ಡೈಹೈಡ್ರೇಟ್ ಆಗಿ ಬದಲಾಗುತ್ತದೆ ಎಂಬುದೂ ಎಲ್ಲರಿಗೂ ಗೊತ್ತಿರುವ ಸಂಗತಿ. ಆದ್ದರಿಂದ ನಿಮ್ಮ ತಯಾರಿಕೆಯಲ್ಲಿ ಪುಡಿಯನ್ನು ಒದ್ದೆ ಮಾಡಿ ಕಾಳುಗಟ್ಟಿಸುವ ಹಂತವಿದ್ದರೆ, ನೀರಿಲ್ಲದ ರೂಪವನ್ನು ಆರಿಸುವ ಮೊದಲು ಎಷ್ಟು ತೇವದಲ್ಲಿ ಅದು ಹೈಡ್ರೇಟ್ ಆಗುತ್ತದೆ ಎಂಬ ಸಂಖ್ಯೆ ನಿಮ್ಮ ಕೈಯಲ್ಲಿರಬೇಕು.

5. ಹೈಡ್ರೋಜನ್ ಬಂಧಗಳ ಲೆಕ್ಕ ತೆಗೆಯಿರಿ

ನನ್ನ ಮಟ್ಟಿಗೆ ಇಡೀ ಕ್ರಮದಲ್ಲಿ ಹೆಚ್ಚು ಫಲ ಕೊಡುವ ಹಂತ ಇದು. ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿ. ಒಂದರಲ್ಲಿ ಹೈಡ್ರೋಜನ್ ಕೊಡಬಲ್ಲ ಗುಂಪುಗಳು, ಅಂದರೆ ದಾನಿಗಳು; ಇನ್ನೊಂದರಲ್ಲಿ ಅದನ್ನು ಸ್ವೀಕರಿಸಬಲ್ಲ ಪರಮಾಣುಗಳು, ಅಂದರೆ ಗ್ರಾಹಕಗಳು. ಎರಡನ್ನೂ ಬಲದ ಕ್ರಮದಲ್ಲಿ ಬರೆಯಿರಿ. ಸಾಮಾನ್ಯ ನಿಯಮ ಹೀಗಿದೆ: ಒಳ್ಳೆಯ ದಾನಿಗಳೆಲ್ಲ ಬಂಧದಲ್ಲಿ ತೊಡಗಿರುತ್ತವೆ, ಎಲ್ಲಕ್ಕಿಂತ ಬಲವಾದ ದಾನಿ ಎಲ್ಲಕ್ಕಿಂತ ಬಲವಾದ ಗ್ರಾಹಕವನ್ನು ಹುಡುಕಿಕೊಳ್ಳುತ್ತದೆ. ಈಗ ರಚನೆಯನ್ನು ನೋಡಿ ಯಾರು ಯಾರೊಂದಿಗೆ ಸೇರಿದ್ದಾರೆ ಎಂದು ಗೆರೆ ಎಳೆಯಿರಿ. ಅಂತರಗಳನ್ನು ಅಳೆಯುವ ಮೊದಲು ಹೈಡ್ರೋಜನ್ ಪರಮಾಣುವನ್ನು ಅದರ ಅಣುವಿಗೆ ಜೋಡಿಸಿರುವ ಬಂಧಗಳ ಉದ್ದಗಳನ್ನು ನ್ಯೂಟ್ರಾನ್ ವಿವರ್ತನೆಯಲ್ಲಿ ಸಿಗುವ ಮೌಲ್ಯಕ್ಕೆ ಸರಿಪಡಿಸುವ ಆಯ್ಕೆಯನ್ನು ತಂತ್ರಾಂಶದಲ್ಲಿ ಒತ್ತಿ. ಆಕ್ಸಿಜನ್-ಹೈಡ್ರೋಜನ್ ಬಂಧ ಎಕ್ಸ್-ರೇ ಕಡತದಲ್ಲಿ 0.84 ಎಂದಿದ್ದರೆ ನಿಜದಲ್ಲಿ ಅದು ಸುಮಾರು 0.98 ಆಂಗ್‌ಸ್ಟ್ರಾಂ ಇರುತ್ತದೆ.

ಗೆರೆ ಎಳೆದ ಮೇಲೆ ಒಂದು ಬಲವಾದ ದಾನಿ ಒಂಟಿಯಾಗಿ ಉಳಿದಿದ್ದರೆ, ಅಥವಾ ದುರ್ಬಲ ಗ್ರಾಹಕವೊಂದಕ್ಕೆ ತೃಪ್ತಿಪಟ್ಟಿದ್ದರೆ, ಅದನ್ನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ. ಈ ಅಣು ಇದಕ್ಕಿಂತ ಒಳ್ಳೆಯ ಜೋಡಣೆಯನ್ನು ಇನ್ನೂ ಕಂಡುಕೊಂಡಿಲ್ಲದಿರಬಹುದು ಎಂಬುದಕ್ಕೆ ಅದು ಸುಳಿವು.

ಎಚ್‌ಐವಿ ಔಷಧ ರಿಟೊನಾವಿರ್‌ನ ಕಥೆ ಇಲ್ಲೇ ಅರ್ಥವಾಗುವಂಥದ್ದು. 1996ರಲ್ಲಿ ಅದು ಮಾರುಕಟ್ಟೆಗೆ ಬಂದಾಗ ಗೊತ್ತಿದ್ದದ್ದು ಒಂದೇ ರೂಪ. ಕ್ಯಾಪ್ಸೂಲ್‌ನೊಳಗೆ ಔಷಧ ಕರಗಿದ ಸ್ಥಿತಿಯಲ್ಲೇ ಇದ್ದುದರಿಂದ ಹರಳಿನ ರೂಪದ ಬಗ್ಗೆ ಹೆಚ್ಚಿನ ಚಿಂತೆಯೂ ಇರಲಿಲ್ಲ. 1998ರಲ್ಲಿ ಕ್ಯಾಪ್ಸೂಲ್‌ಗಳು ಕರಗುವಿಕೆಯ ಪರೀಕ್ಷೆಯಲ್ಲಿ ಸೋಲತೊಡಗಿದವು. ಬಹಳ ಕಡಿಮೆ ಕರಗುವ ಎರಡನೇ ರೂಪ ಒಳಗೆ ಹರಳುಗಟ್ಟುತ್ತಿತ್ತು. ಕ್ಯಾಪ್ಸೂಲ್‌ಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಎರಡು ರಚನೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಕಾರಣ ಕಾಣಿಸಿತು. ಎರಡನೇ ರೂಪದಲ್ಲಿ ಕಾರ್ಬಮೇಟ್ ಗುಂಪು ಅಪರೂಪದ ಸಿಸ್ ಭಂಗಿಗೆ ತಿರುಗಿದೆ. ಆ ತಿರುವಿಗೆ ಅಣು ಸ್ವಲ್ಪ ಶಕ್ತಿಯ ಬೆಲೆ ತೆರುತ್ತದೆ, ಆದರೆ ಅದಕ್ಕೆ ಪ್ರತಿಯಾಗಿ ಅದರ ದಾನಿಗಳೂ ಗ್ರಾಹಕಗಳೂ ಮೊದಲ ರೂಪಕ್ಕಿಂತ ಬಲವಾಗಿ ಜೋಡಿಯಾಗುತ್ತವೆ.

ಇದನ್ನು ಸಂಖ್ಯೆಯಲ್ಲಿ ನೋಡಲು ಹೈಡ್ರೋಜನ್ ಬಂಧ ಪ್ರವೃತ್ತಿ ಎಂಬ ಲೆಕ್ಕಾಚಾರವಿದೆ. ದತ್ತಸಂಚಯದಲ್ಲಿರುವ ನಿಮ್ಮ ಅಣುವಿನಂಥ ರಚನೆಗಳನ್ನು ಆಧರಿಸಿ, ಯಾವ ದಾನಿ ಯಾವ ಗ್ರಾಹಕದೊಂದಿಗೆ ಸೇರುವ ಸಂಭವ ಎಷ್ಟು ಎಂದು ಅದು ಹೇಳುತ್ತದೆ. ನಿಮ್ಮ ರೂಪದಲ್ಲಿರುವ ಜೋಡಿಗಳು ಪಟ್ಟಿಯ ಮೇಲ್ಭಾಗದಲ್ಲಿದ್ದರೆ ಸ್ವಲ್ಪ ನೆಮ್ಮದಿ. ಕೆಳಗಿದ್ದರೆ ಬಹುರೂಪಗಳ ಹುಡುಕಾಟಕ್ಕೆ ಇನ್ನಷ್ಟು ದ್ರಾವಕಗಳನ್ನೂ ಸಮಯವನ್ನೂ ಕೇಳಲು ಈ ಪಟ್ಟಿ ನಿಮ್ಮ ಆಧಾರವಾಗುತ್ತದೆ. ಎಚ್ಚರಿಕೆಯ ಒಂದು ಮಾತು: ಕಾರ್ಬಮಝೆಪೀನ್‌ನ ಹಲವು ಬಹುರೂಪಗಳಲ್ಲಿ ಕಾಣುವುದು ಒಂದೇ ಅಮೈಡ್ ಜೋಡಿ, ಅಂದರೆ ಹೈಡ್ರೋಜನ್ ಬಂಧಗಳೆಲ್ಲ ತೃಪ್ತವಾಗಿರುವ ಮಾತ್ರಕ್ಕೆ ಬೇರೆ ರೂಪವಿಲ್ಲ ಎಂದಾಗುವುದಿಲ್ಲ.

6. ಅಣುವಿನ ಭಂಗಿಯನ್ನು ಪರೀಕ್ಷಿಸಿ

ತಿರುಗಬಲ್ಲ ಬಂಧಗಳಿರುವ ಅಣುವಾದರೆ ಪ್ರತಿಯೊಂದು ತಿರುಚು ಕೋನವನ್ನೂ ದತ್ತಸಂಚಯದ ಅದೇ ಬಗೆಯ ಕೋನಗಳೊಂದಿಗೆ ಹೋಲಿಸಿ. ಮೊಗುಲ್ ಎಂಬ ಸಾಧನ ಇದನ್ನು ಕೆಲವೇ ಕ್ಷಣಗಳಲ್ಲಿ ಮಾಡುತ್ತದೆ. ವಿರಳವಾದ ಕೋನ ಕಂಡರೆ ಎರಡು ಸಾಧ್ಯತೆಗಳಿವೆ: ರಚನೆಯಲ್ಲೇ ತಪ್ಪಿದೆ, ಅಥವಾ ಬೇರೆ ಕಡೆ ಲಾಭವಿರುವುದರಿಂದ ಅಣು ಆ ಭಂಗಿಯನ್ನು ಸಹಿಸಿಕೊಂಡಿದೆ. ವಿರಳ ಎಂದ ಮಾತ್ರಕ್ಕೆ ಅಸ್ಥಿರ ಎಂದು ಬರೆಯಬೇಡಿ. ರಿಟೊನಾವಿರ್‌ನಲ್ಲಿ ವಿರಳ ಭಂಗಿಯದ್ದೇ ಸ್ಥಿರ ರೂಪವಾಗಿತ್ತು.

7. ಸ್ಥಿರತೆಯ ಶ್ರೇಣಿ ಕಟ್ಟಿ, ಆದರೆ ಪೆನ್ಸಿಲ್‌ನಲ್ಲಿ ಬರೆಯಿರಿ

ಎರಡು ಅಥವಾ ಹೆಚ್ಚು ಬಹುರೂಪಗಳಿದ್ದಾಗ ಯಾವುದು ಹೆಚ್ಚು ಸ್ಥಿರ ಎಂದು ರಚನೆಯಿಂದ ಊಹಿಸಲು ಹಳೆಯ ದಾರಿ ಸಾಂದ್ರತೆಯ ನಿಯಮ. ಬರ್ಗರ್ ಮತ್ತು ರಾಂಬರ್ಗರ್ 1979ರಲ್ಲಿ ಮಂಡಿಸಿದ ನಿಯಮಗಳಲ್ಲಿ ಇದೂ ಒಂದು: ಹೆಚ್ಚು ಒತ್ತಾಗಿ ಜೋಡಣೆಗೊಂಡ ರೂಪ ಕಡಿಮೆ ತಾಪಮಾನದಲ್ಲಿ ಹೆಚ್ಚು ಸ್ಥಿರ. ನಿಯಮಕ್ಕೆ ಅಪವಾದಗಳಿವೆ, ಅದರಲ್ಲಿ ಪ್ರಸಿದ್ಧವಾದದ್ದು ಪ್ಯಾರಾಸಿಟಮಾಲ್. ಅದರ ಎರಡನೇ ರೂಪದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.34 ಗ್ರಾಂ, ಒಂದನೇ ರೂಪದ್ದು ಸುಮಾರು 1.30, ಆದರೂ ಕೊಠಡಿಯ ತಾಪಮಾನದಲ್ಲಿ ಸ್ಥಿರವಾಗಿರುವುದು ಒಂದನೆಯದೇ. ಹೈಡ್ರೋಜನ್ ಬಂಧಗಳು ದಿಕ್ಕಿಗೆ ಬದ್ಧವಾಗಿರುವುದರಿಂದ, ಒಳ್ಳೆಯ ಬಂಧಕ್ಕಾಗಿ ಅಣುಗಳು ಸ್ವಲ್ಪ ಸಡಿಲವಾದ ಜೋಡಣೆಯನ್ನೂ ಒಪ್ಪಿಕೊಳ್ಳುತ್ತವೆ. ಇಲ್ಲಿನ ಸಾಂದ್ರತೆಯ ವ್ಯತ್ಯಾಸ ಶೇ. 3ರಷ್ಟು ಎಂಬುದನ್ನು ಗಮನಿಸಿ. ಹರಳನ್ನು ಚಳಿಗೆ ಇಳಿಸಿದಾಗ ಆಗುವ ಕುಗ್ಗುವಿಕೆಯೂ ಅಷ್ಟೇ. ಒಂದು ರೂಪವನ್ನು 100 ಕೆಲ್ವಿನ್‌ನಲ್ಲೂ ಇನ್ನೊಂದನ್ನು 295ರಲ್ಲೂ ಅಳೆದ ಕಡತಗಳಿಂದ ಸಾಂದ್ರತೆ ಹೋಲಿಸಿದರೆ ಸಿಗುವ ಉತ್ತರಕ್ಕೆ ಅರ್ಥವೇ ಇರುವುದಿಲ್ಲ.

ಇನ್ನೊಂದು ದಾರಿ ಜಾಲಕ ಶಕ್ತಿಯ ಲೆಕ್ಕಾಚಾರ, ಅಂದರೆ ಅಣುಗಳನ್ನು ಹರಳಿನಲ್ಲಿ ಹಿಡಿದಿಟ್ಟಿರುವ ಶಕ್ತಿಯನ್ನು ಗಣಕದಲ್ಲಿ ಅಂದಾಜಿಸುವುದು. ಇದರ ಇಕ್ಕಟ್ಟನ್ನು ಒಂದೆರಡು ಸಂಖ್ಯೆಗಳಲ್ಲೇ ಹೇಳಬಹುದು. ಲೆಕ್ಕ ಹಾಕಿ ನೋಡಿದ ಬಹುರೂಪ ಜೋಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಶಕ್ತಿಯ ವ್ಯತ್ಯಾಸ ಮೋಲಿಗೆ 2 ಕಿಲೋಜೌಲ್‌ಗಿಂತ ಕಡಿಮೆ. 7 ಕಿಲೋಜೌಲ್ ದಾಟುವಂಥವು ಬಹಳ ವಿರಳ. ಇತ್ತ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಕ್ತ ಶಕ್ತಿಯಲ್ಲಿ 1.7 ಕಿಲೋಜೌಲ್ ವ್ಯತ್ಯಾಸವಾದರೆ ಸಾಕು, ಕರಗುವಿಕೆ ಎರಡು ಪಟ್ಟು ಬದಲಾಗುತ್ತದೆ. ಸಾಧಾರಣ ವಿಧಾನಗಳ ಲೆಕ್ಕದ ದೋಷವೇ ಇದಕ್ಕಿಂತ ಹೆಚ್ಚಿರಬಹುದು. ಅಲ್ಲದೆ ಜಾಲಕ ಶಕ್ತಿಯಲ್ಲಿ ತಾಪಮಾನದ ಪರಿಣಾಮ ಸೇರಿರುವುದಿಲ್ಲ. ಕೆಲವು ಜೋಡಿಗಳಲ್ಲಿ ಒಂದು ತಾಪಮಾನದವರೆಗೆ ಒಂದು ರೂಪ, ಅದರಾಚೆಗೆ ಇನ್ನೊಂದು ರೂಪ ಸ್ಥಿರವಾಗಿರುತ್ತದೆ. ಇಂಥ ಜೋಡಿಯನ್ನು ಎನಾನ್ಷಿಯೋಟ್ರೋಪಿಕ್ ಎನ್ನುತ್ತಾರೆ. ಸೊನ್ನೆ ಕೆಲ್ವಿನ್‌ನ ಲೆಕ್ಕ ಇದನ್ನು ತೋರಿಸುವುದಿಲ್ಲ.

ಆದ್ದರಿಂದ ಶ್ರೇಣಿಯನ್ನು ಶಾಯಿಯಲ್ಲಿ ಬರೆಯುವ ಅಧಿಕಾರ ಸ್ಲರಿ ಪ್ರಯೋಗಕ್ಕೇ ಇರಲಿ. ಎರಡು ರೂಪಗಳ ಪುಡಿಯನ್ನು ಒಟ್ಟಿಗೆ, ಅದೇ ಔಷಧ ಕರಗಿ ತುಂಬಿದ ದ್ರಾವಕದಲ್ಲಿ ಹಾಕಿ ದಿನಗಟ್ಟಲೆ ಕಲಕುತ್ತಿರಿ. ಕಡಿಮೆ ಸ್ಥಿರವಾದದ್ದು ಕರಗಿ ಹೆಚ್ಚು ಸ್ಥಿರವಾದದ್ದು ಬೆಳೆಯುತ್ತದೆ. ಕನಿಷ್ಠ ಮೂರು ತಾಪಮಾನಗಳಲ್ಲಿ ಮಾಡಿ. ಔಷಧ ತಕ್ಕಮಟ್ಟಿಗೆ ಕರಗುವ ದ್ರಾವಕವನ್ನೇ ಆರಿಸಿ, ಇಲ್ಲದಿದ್ದರೆ ಬದಲಾವಣೆ ವಾರಗಟ್ಟಲೆ ಕಾಣದೆ "ಎರಡೂ ಸ್ಥಿರ" ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ನಿಮ್ಮ ಔಷಧದೊಂದಿಗೆ ಸಾಲ್ವೇಟ್ ಮಾಡುವ ದ್ರಾವಕ ಇಲ್ಲಿ ಬೇಡವೇ ಬೇಡ.

ರಚನಾ ಮುನ್ಸೂಚನೆ, ಅಂದರೆ ಅಣುವಿನ ಸೂತ್ರದಿಂದ ಆರಂಭಿಸಿ ಸಾಧ್ಯವಿರುವ ಹರಳುಗಳನ್ನೆಲ್ಲ ಗಣಕದಲ್ಲಿ ಹುಟ್ಟಿಸಿ ಶಕ್ತಿಯ ಕ್ರಮದಲ್ಲಿ ಇಡುವ ಕೆಲಸ, ಈಗ ಬಹಳ ಮುಂದುವರಿದಿದೆ. 1999ರಿಂದ ನಡೆಯುತ್ತಿರುವ ಕುರುಡು ಪರೀಕ್ಷೆಗಳಲ್ಲಿ ಉತ್ತರವನ್ನು ಮುಚ್ಚಿಟ್ಟು ಈ ವಿಧಾನಗಳನ್ನು ಒರೆಗೆ ಹಚ್ಚುತ್ತಾರೆ. ಫಲಿತಾಂಶ ನಿಮ್ಮ ಕೈಗೆ ಬಂದರೆ ಒಂದು ಸಂಗತಿ ನೆನಪಿರಲಿ: ಮುನ್ಸೂಚನೆಯಲ್ಲಿ ಪ್ರಯೋಗದಲ್ಲಿ ಸಿಗುವುದಕ್ಕಿಂತ ಹೆಚ್ಚು ರಚನೆಗಳು ಯಾವಾಗಲೂ ಇರುತ್ತವೆ. ನಿಮ್ಮ ರೂಪಕ್ಕಿಂತ ಕೆಳಗಿನ ಶಕ್ತಿಯಲ್ಲಿ, ಬೇರೆಯೇ ಹೈಡ್ರೋಜನ್ ಬಂಧಗಳ ರಚನೆಯೊಂದು ಕೂತಿದ್ದರೆ ಮಾತ್ರ ಅದನ್ನು ಬೆನ್ನಟ್ಟಿ. ಐದನೇ ಹಂತದ ಕೆಂಪು ಸುತ್ತೂ ಅದೇ ಕಡೆ ಬೆರಳು ತೋರಿಸಿದರೆ ಹುಡುಕಾಟವನ್ನು ಮುಗಿಸಬೇಡಿ.

8. ಹರಳಿನ ಆಕಾರ ಮತ್ತು ಒತ್ತುವಿಕೆ

ಇದು ಎರಡನೇ ಸಾಲಿನ ಮಾನದಂಡ, ಆದರೆ ಕಾರ್ಖಾನೆಯವರು ಮೊದಲು ಕೇಳುವುದು ಇದನ್ನೇ. ಒಂದು ದಿಕ್ಕಿನಲ್ಲಿ ಮಾತ್ರ ಬಲವಾದ ಬಂಧಗಳ ಸರಪಳಿಯಿದ್ದರೆ ಹರಳು ಸೂಜಿಯಾಗಿ ಬೆಳೆಯುವ ಸಂಭವ ಹೆಚ್ಚು. ಸೂಜಿ ಹರಳುಗಳನ್ನು ಸೋಸುವುದೂ ಕಷ್ಟ, ಅವು ಸರಾಗವಾಗಿ ಹರಿಯುವುದೂ ಇಲ್ಲ. ಚಪ್ಪಟೆ ಪದರಗಳಿದ್ದರೆ ಅವು ಒಂದರ ಮೇಲೊಂದು ಜಾರುತ್ತವೆ, ಪುಡಿ ಮಾತ್ರೆಯಾಗಿ ಚೆನ್ನಾಗಿ ಅದುಮಿಕೊಳ್ಳುತ್ತದೆ. ಪ್ಯಾರಾಸಿಟಮಾಲ್‌ನ ಎರಡನೇ ರೂಪ ಸುಲಭವಾಗಿ ಅದುಮಿಕೊಳ್ಳುವುದೂ, ಅಂಕುಡೊಂಕು ಪದರಗಳ ಒಂದನೇ ರೂಪ ಹಾಗೆ ಅದುಮಿಕೊಳ್ಳದಿರುವುದೂ ಇದೇ ಕಾರಣಕ್ಕೆ. ಹಾಗಿದ್ದರೂ ಮಾತ್ರೆಗಳಲ್ಲಿ ಬಳಕೆಯಾಗುತ್ತಿರುವುದು ಒಂದನೇ ರೂಪವೇ. ಒತ್ತುವಿಕೆಯ ಕೊರತೆಯನ್ನು ಸಹಾಯಕ ವಸ್ತುಗಳಿಂದ ತುಂಬಬಹುದು, ಸ್ಥಿರತೆಯ ಕೊರತೆಯನ್ನು ತುಂಬುವುದು ಬಹಳ ಕಷ್ಟ.

9. ನಿರ್ಧಾರವನ್ನು ದಾಖಲಿಸಿ

ಪ್ರತಿ ರೂಪಕ್ಕೂ ಒಂದು ಪುಟ ಮೀಸಲಿಡಿ: ರಚನೆ ಅಳೆದ ತಾಪಮಾನ, ಪುಡಿಯೊಂದಿಗಿನ ಹೊಂದಾಣಿಕೆ, ಲವಣ ಅಥವಾ ಸಹಸ್ಫಟಿಕ ಎನ್ನಲು ಬಳಸಿದ ಬಂಧದ ಉದ್ದಗಳು, ನೀರಿನ ಸ್ಥಾನ, ತೃಪ್ತವಾಗದ ದಾನಿಗಳು, ಸ್ಲರಿ ಪ್ರಯೋಗದ ಫಲಿತಾಂಶ. ಬಹುರೂಪಕ್ಕೆ ಗುಣಮಟ್ಟದ ಮಿತಿ ನಿಗದಿಪಡಿಸಬೇಕೇ ಎಂಬುದಕ್ಕೆ ಐಸಿಎಚ್ (ಔಷಧ ನಿಯಂತ್ರಣದ ಅಂತರರಾಷ್ಟ್ರೀಯ ಸಮನ್ವಯ ಮಂಡಳಿ) ಕ್ಯು6ಎ ಮಾರ್ಗಸೂಚಿಯ ನಾಲ್ಕನೇ ನಿರ್ಣಯ ವೃಕ್ಷವನ್ನು ಅನುಸರಿಸಿದರೆ ಕೇಳಿಬರುವ ಪ್ರಶ್ನೆಗಳಿಗೆ ಬಹುಪಾಲು ಉತ್ತರ ಈ ಪುಟಗಳಲ್ಲೇ ಸಿಗುತ್ತದೆ. ಉಳಿದದ್ದೆಲ್ಲ ಸಮನಾಗಿದ್ದರೆ ಸ್ಥಿರ ರೂಪವನ್ನೇ ಆರಿಸಿ. ಅದರ ಕರಗುವಿಕೆ ಸಾಲದೆ ಬೇರೆ ರೂಪದ ಕಡೆ ಹೋಗಬೇಕಾದರೆ, ಅದು ಉಗ್ರಾಣದಲ್ಲಿ ಬದಲಾಗದಂತೆ ತಡೆಯುವುದು ಯಾವುದು ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ.

ಆಯ್ಕೆ ಮುಗಿದ ಮೇಲೂ ಪ್ರತಿ ರೂಪದ ಸ್ವಲ್ಪ ಪುಡಿಯನ್ನು ಬೇರೆ ಬೇರೆ ಸೀಸೆಗಳಲ್ಲಿ, ಬೇರೆ ಬೇರೆ ಕೊಠಡಿಗಳಲ್ಲಿ ಮುಚ್ಚಿಡಿ; ಕಣ್ಣಿಗೆ ಕಾಣದ ಬೀಜ ಹರಳು ಇನ್ನೊಂದು ರೂಪದ ತಯಾರಿಕೆಯನ್ನು ಕೆಡಿಸಬಲ್ಲದು. ಸಂಶ್ಲೇಷಣೆಯ ಮಾರ್ಗ, ಕೊನೆಯ ದ್ರಾವಕ ಅಥವಾ ಕಲ್ಮಶಗಳ ಪ್ರಮಾಣ ಬದಲಾದಾಗಲೆಲ್ಲ ಸ್ಥಿರ ರೂಪದ ಹುಟ್ಟನ್ನು ಅಲ್ಲಿಯವರೆಗೆ ತಡೆಯುತ್ತಿದ್ದ ಕಲ್ಮಶವೊಂದು ಇಲ್ಲವಾಗಿರಬಹುದು, ಅಥವಾ ಅದಕ್ಕೆ ನೆಲೆ ಕೊಡುವ ಹೊಸದೊಂದು ಬಂದಿರಬಹುದು. ಅಂಥ ಬದಲಾವಣೆಯ ನಂತರದ ಮೊದಲ ಬ್ಯಾಚ್‌ನಿಂದ ಒಂದಿಷ್ಟು ತೆಗೆದು ಮತ್ತೊಮ್ಮೆ ಸ್ಲರಿಗೆ ಹಾಕಿ, ಒಂದು ವಾರ ಕಲಕಿ, ಸಿಗುವ ಪುಡಿಯ ನಕ್ಷೆಯನ್ನು ಎರಡನೇ ಹಂತದಲ್ಲಿ ಕೊಠಡಿಯ ತಾಪಮಾನಕ್ಕೆ ಸರಿಪಡಿಸಿಟ್ಟ ಲೆಕ್ಕದ ನಕ್ಷೆಯ ಪಕ್ಕದಲ್ಲಿಟ್ಟು ನೋಡಿ.